ಕರಾವಳಿಯಲ್ಲಿ ಬ್ಯಾಟರಿಯ ಆಯುಷ್ಯ: ಪೆಟ್ಟಿಗೆ, ಉಪ್ಪುಗಾಳಿ ಮತ್ತು ಮಳೆಗಾಲ



ಗ್ರಾಮ ಪಂಚಾಯತಗಳ ಆಸ್ತಿ ವಹಿಯಲ್ಲಿ ಬ್ಯಾಟರಿಯು ಇಂದು ಹಲವು ಹೆಸರುಗಳ ಮರೆಯಲ್ಲಿ ನಮೂದಾಗಿರುತ್ತದೆ. ಸೌರ ಬೀದಿದೀಪ, ಕಾರ್ಯಾಲಯದ ಯುಪಿಎಸ್, ಅರಿವು ಕೇಂದ್ರದ ಇನ್ವರ್ಟರ್, ಬಾಪೂಜಿ ಸೇವಾ ಕೇಂದ್ರದ ಗಣಕಯಂತ್ರ, ಇವೆಲ್ಲವೂ ಅದರ ಮೇಲೆಯೇ ನಿಂತಿವೆ. ಸೌರ ಫಲಕ ಇಪ್ಪತ್ತು ವರ್ಷ ದುಡಿಯಬಲ್ಲುದು. ಸರಿಯಾಗಿ ಸತುವಿನ ಲೇಪ ಕೊಟ್ಟ ಕಂಬವೂ ದೀರ್ಘಕಾಲ ನಿಲ್ಲುತ್ತದೆ. ಮೊದಲು ಸೋಲುವುದು ಬ್ಯಾಟರಿ. ಅದು ಸೋತ ದಿನ ಫಲಕ, ಕಂಬ, ದೀಪ ಮೂರೂ ಇದ್ದೂ ಇಲ್ಲದಂತಾಗುತ್ತವೆ. ಕರಾವಳಿಯಲ್ಲಿ ಆ ದಿನ ಬರುವುದು ಬಹುತೇಕ ಮಳೆಗಾಲದಲ್ಲಿ, ಅಂದರೆ ಗಾಳಿಮಳೆಗೆ ಹೆಸ್ಕಾಂ ಮಾರ್ಗ ಕಡಿತಗೊಂಡು ಬೆಳಕು ಅತ್ಯವಶ್ಯವಾಗಿರುವ ರಾತ್ರಿಗಳಲ್ಲಿ.

ಬ್ಯಾಟರಿ ಅಲ್ಪಾಯುವಾದಾಗ ಕಂಪನಿಯನ್ನು ದೂರುವುದು ವಾಡಿಕೆ. ಕೆಲವೊಮ್ಮೆ ಅದು ನ್ಯಾಯವೂ ಹೌದು. ಆದರೆ ಒಂದೇ ತಯಾರಿಕೆಯ, ಒಂದೇ ಸಾಮರ್ಥ್ಯದ ಎರಡು ಬ್ಯಾಟರಿಗಳಲ್ಲಿ ಒಂದು ಎರಡು ವರ್ಷಕ್ಕೆ ಕೈಕೊಟ್ಟು ಇನ್ನೊಂದು ಐದು ವರ್ಷ ನಡೆಯುವುದುಂಟು. ಈ ಅಂತರಕ್ಕೆ ಕಾರಣ ಬಹಳ ಸಲ ಬ್ಯಾಟರಿಯ ಒಳಗಿರುವುದಿಲ್ಲ, ಅದನ್ನು ಇರಿಸಿದ ಪೆಟ್ಟಿಗೆಯಲ್ಲಿಯೂ ಆ ಪೆಟ್ಟಿಗೆ ನಿಂತ ಜಾಗದ ಹವೆಯಲ್ಲಿಯೂ ಇರುತ್ತದೆ. ಕ್ರಿಯಾ ಯೋಜನೆಗೆ ಅನುಮೋದನೆ ನೀಡುವವರು ಸದಸ್ಯರೇ ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಸಲಾಗುತ್ತಿದೆ.

ಕೇಣಿಯ ಹವೆ ಮತ್ತು ಪೆಟ್ಟಿಗೆಯೊಳಗಿನ ಹವೆ

ಅಂಕೋಲಾ ಪಟ್ಟಣದ ಪಶ್ಚಿಮಕ್ಕೆ ಸಮುದ್ರಕ್ಕೆ ತಾಗಿರುವ ಮೀನುಗಾರರ ಊರು ಕೇಣಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಾರವಾರ–ಅಂಕೋಲಾ ಕರಾವಳಿಯಲ್ಲಿ ವರ್ಷದ ಸರಾಸರಿ ಉಷ್ಣತೆ ಸುಮಾರು 27 ಡಿಗ್ರಿ ಸೆಲ್ಸಿಯಸ್. ನಮ್ಮ ದೇಶದಲ್ಲಿ ಸೀಸ-ಆಮ್ಲ ಬ್ಯಾಟರಿಯ ಸಾಮರ್ಥ್ಯವನ್ನು ಅಳೆಯುವುದೂ ಇದೇ 27 ಡಿಗ್ರಿಯಲ್ಲಿ. ಹಾಗೆ ನೋಡಿದರೆ ರಾಯಚೂರು, ಕಲಬುರಗಿಗಳ ಬೇಸಗೆಗಿಂತ ಕೇಣಿಯ ಹವೆ ಬ್ಯಾಟರಿಗೆ ಹಿತವಾಗಬೇಕಿತ್ತು. ಹಾಗಾಗದಿರುವುದಕ್ಕೆ ಮುಖ್ಯ ಕಾರಣ ಪೆಟ್ಟಿಗೆ. ಬಿಸಿಲಿಗೆ ಒಡ್ಡಿದ ಗಾಢ ಬಣ್ಣದ ತಗಡಿನ ಪೆಟ್ಟಿಗೆಯ ಒಳಗೆ ಮಧ್ಯಾಹ್ನದ ಉಷ್ಣತೆ ಹೊರಗಿಗಿಂತ ಹತ್ತು-ಹದಿನೈದು ಡಿಗ್ರಿ ಏರುವುದು ಅಸಾಮಾನ್ಯವಲ್ಲ. ಊರು ತಂಪಾಗಿದ್ದರೂ ಬ್ಯಾಟರಿ ಇರುವ ಜಾಗ ರಾಯಚೂರೇ ಆಗಿಬಿಡುತ್ತದೆ.

ಉಷ್ಣತೆ ಹೆಚ್ಚಿದಂತೆ ಬ್ಯಾಟರಿಯೊಳಗಿನ ಎಲ್ಲ ರಾಸಾಯನಿಕ ಕ್ರಿಯೆಗಳೂ ಚುರುಕಾಗುತ್ತವೆ, ಬೇಡವಾದ ಕ್ರಿಯೆಗಳೂ ಸಹ. ಸೀಸದ ಜಾಲರಿ ಬೇಗ ಸವೆಯುತ್ತದೆ, ನೀರು ಬೇಗ ಆರುತ್ತದೆ. ಸೀಸ-ಆಮ್ಲ ಬ್ಯಾಟರಿಗೆ ಎಂಜಿನಿಯರುಗಳು ಬಳಸುವ ಸ್ಥೂಲ ನಿಯಮವೆಂದರೆ, ಪ್ರತಿ 10 ಡಿಗ್ರಿ ಏರಿಕೆಗೆ ಆಯುಷ್ಯ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. 27 ಡಿಗ್ರಿಯಲ್ಲಿ 5 ವರ್ಷ ಬಾಳಬೇಕಾದ ಬ್ಯಾಟರಿಯು ದಿನದ 6 ಗಂಟೆ 42 ಡಿಗ್ರಿಯಲ್ಲಿಯೂ ಉಳಿದ 18 ಗಂಟೆ 29 ಡಿಗ್ರಿಯಲ್ಲಿಯೂ ಇದೆಯೆಂದು ಇಟ್ಟುಕೊಂಡರೆ, ಅದರ ಆಯುಷ್ಯ ಸುಮಾರು 3 ವರ್ಷ 2 ತಿಂಗಳಿಗೆ ಇಳಿಯುತ್ತದೆ. ಅದೇ 6 ಗಂಟೆಯ ಉಷ್ಣತೆಯನ್ನು ನೆರಳು ಮತ್ತು ಗಾಳಿಯಿಂದ 34 ಡಿಗ್ರಿಗೆ ತಂದರೆ ಸುಮಾರು 3 ವರ್ಷ 11 ತಿಂಗಳು. ಬ್ಯಾಟರಿ ಬದಲಾಗಲಿಲ್ಲ, ಸೌರ ಫಲಕವೂ ಬದಲಾಗಲಿಲ್ಲ. ಒಂದು ನೆರಳಿನ ತಗಡು ಒಂಬತ್ತು ತಿಂಗಳನ್ನು ಗಳಿಸಿಕೊಟ್ಟಿತು.

ರಾತ್ರಿಯ ಉಷ್ಣತೆಯ ಬಗ್ಗೆಯೂ ಒಂದು ಮಾತು. ಬಯಲುಸೀಮೆಯಲ್ಲಿ ಹಗಲು ಕಾದದ್ದು ರಾತ್ರಿ ಆರುತ್ತದೆ. ಕರಾವಳಿಯಲ್ಲಿ ಹಗಲು ರಾತ್ರಿಗಳ ಅಂತರ ಕಡಿಮೆ, ಆದ್ದರಿಂದ ಪೆಟ್ಟಿಗೆಯೊಳಗೆ ಸೇರಿದ ಶಾಖಕ್ಕೆ ಹೊರಹೋಗುವ ಅವಕಾಶವೂ ಕಡಿಮೆ. ಈ ಕಾರಣದಿಂದ ಥರ್ಮೋಕೋಲ್ ಮುಂತಾದವನ್ನು ಒಳಗೆ ತುಂಬಿ 'ಶಾಖ ನಿರೋಧಕ' ಎಂದು ಮಾರುವ ಪೆಟ್ಟಿಗೆ ಇಲ್ಲಿಗೆ ಅಷ್ಟಾಗಿ ಒಪ್ಪುವುದಿಲ್ಲ. ಅದು ಹೊರಗಿನ ಬಿಸಿಯನ್ನು ತಡೆಯುವಷ್ಟೇ ಒಳಗಿನ ಬಿಸಿಯನ್ನೂ ಹಿಡಿದಿಡುತ್ತದೆ. ಇಲ್ಲಿಗೆ ಬೇಕಾದುದು ಬಿಳಿಯ ಅಥವಾ ತಿಳಿ ಬಣ್ಣ, ಮೇಲೊಂದು ಪ್ರತ್ಯೇಕ ನೆರಳು ಚಾವಣಿ, ಮತ್ತು ಆ ಚಾವಣಿಗೂ ಪೆಟ್ಟಿಗೆಗೂ ನಡುವೆ ಗಾಳಿಯಾಡುವ ಒಂದೆರಡು ಅಂಗುಲದ ಅಂತರ. ಹಂಚಿನ ಮಾಡಿನ ಕೆಳಗೆ ಅಟ್ಟ ಕಟ್ಟಿ ಮನೆಯನ್ನು ತಂಪಾಗಿಟ್ಟ ನಮ್ಮ ಹಿರಿಯರಿಗೆ ಈ ತತ್ವವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಉಪ್ಪು

ಉಷ್ಣತೆಯ ಹಾನಿ ನಿಧಾನ. ಉಪ್ಪಿನದು ಹಾಗಲ್ಲ. ಅಂಕೋಲೆಗೂ ಉಪ್ಪಿಗೂ ಇರುವ ನಂಟು 1930ರ ಸತ್ಯಾಗ್ರಹದಿಂದ ನಾಡಿಗೆಲ್ಲ ಗೊತ್ತು. ಆದರೆ ಇಲ್ಲಿ ಹೇಳಹೊರಟಿರುವುದು ತೆರೆ ಒಡೆದಾಗ ಸಣ್ಣ ಹನಿಗಳಾಗಿ ಗಾಳಿಯನ್ನೇರಿ ಬರುವ ಉಪ್ಪಿನ ಮಾತು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ಎಲ್ಲರೂ ಕಂಡಿದ್ದೇವೆ. ಗಾಳಿಯ ಆರ್ದ್ರತೆ ಶೇ. 75ರ ಆಸುಪಾಸು ದಾಟಿದೊಡನೆ ಅಡುಗೆ ಉಪ್ಪು ಗಾಳಿಯಿಂದಲೇ ತೇವವನ್ನು ಹೀರಿ ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿ ಸೇರಿರುವ ಮೆಗ್ನೀಸಿಯಮ್ ಕ್ಲೋರೈಡಿಗೆ ಅಷ್ಟು ತೇವವೂ ಬೇಕಿಲ್ಲ. ಪೆಟ್ಟಿಗೆಯ ಮೇಲೆ, ತಿರುಪಿನ ತಲೆಯ ಸುತ್ತ, ತಂತಿಯ ತುದಿಯಲ್ಲಿ ಕುಳಿತ ಉಪ್ಪಿನ ಪುಡಿಗೂ ಹೀಗೆಯೇ ಆಗುತ್ತದೆ. ಕೇಣಿಯಂಥ ಊರಿನಲ್ಲಿ ವರ್ಷದ ಬಹುಭಾಗ ಆ ಲೋಹ ಮಳೆಯಿಲ್ಲದ ದಿನವೂ ಒದ್ದೆಯಾಗಿಯೇ ಇರುತ್ತದೆ. ಆ ಒದ್ದೆಯೂ ಬರಿ ನೀರಲ್ಲ, ವಿದ್ಯುತ್ ಹರಿಯಬಲ್ಲ ಉಪ್ಪುನೀರು.

ಪುಡಿ ಲೇಪದ ಬಣ್ಣ ಕೊಟ್ಟ ತಗಡಿನ ಪೆಟ್ಟಿಗೆ ಹೊಸದರಲ್ಲಿ ಚೆಂದ ಕಾಣುತ್ತದೆ. ತುಕ್ಕು ಹತ್ತುವುದು ಕತ್ತರಿಸಿದ ಅಂಚಿನಲ್ಲಿ, ಬೆಸುಗೆಯ ಗೆರೆಯಲ್ಲಿ ಮತ್ತು ಮುಖ್ಯವಾಗಿ ಕಂಬಕ್ಕೆ ಬಿಗಿಯಲೆಂದು ಸ್ಥಳದಲ್ಲೇ ಕೊರೆದ ತೂತುಗಳಲ್ಲಿ. ಒಳಗಿನ ಹಾನಿ ಇದಕ್ಕಿಂತ ಹೆಚ್ಚು ದುಬಾರಿ. ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು-ನೀಲಿ ಪುಡಿ ಕಟ್ಟಿದರೆ ಅಲ್ಲಿ ಪ್ರತಿರೋಧ ಹೆಚ್ಚುತ್ತದೆ, ಬ್ಯಾಟರಿ ಪೂರ್ಣ ಚಾರ್ಜ್ ಆಗುವುದಿಲ್ಲ, ಜೋಡಣೆ ಬಿಸಿಯಾಗುತ್ತದೆ. ಲಿಥಿಯಂ ಬ್ಯಾಟರಿಯಲ್ಲಿ ಸೆಲ್‌ಗಳನ್ನು ಕಾಯುವ ಒಂದು ಎಲೆಕ್ಟ್ರಾನಿಕ್ ಫಲಕವಿರುತ್ತದೆ, ಅದನ್ನು ಬಿಎಂಎಸ್ ಎನ್ನುತ್ತಾರೆ. ಉಪ್ಪುತೇವ ಅದರ ಮೇಲೆ ಕುಳಿತರೆ ಸೆಲ್‌ಗಳು ಚೆನ್ನಾಗಿದ್ದರೂ ಬ್ಯಾಟರಿ ಸತ್ತಂತೆ ತೋರುತ್ತದೆ. ಆ ಫಲಕಕ್ಕೆ ತೇವ ನಿರೋಧಕ ಲೇಪವಿದೆಯೇ ಎಂಬ ಪ್ರಶ್ನೆಯನ್ನು ಖರೀದಿಗೆ ಮೊದಲೇ ಕೇಳುವುದು ಉಚಿತ.

ಕಡಲತೀರಕ್ಕೆ ಒಪ್ಪುವ ಸಾಮಗ್ರಿ ಯಾವುದು? ನಾರುಗಾಜಿನ ಅಥವಾ ಪಾಲಿಕಾರ್ಬೊನೇಟ್ ಪೆಟ್ಟಿಗೆಗೆ ತುಕ್ಕಿನ ಭಯವಿಲ್ಲ, ಬಿಸಿಲಿನ ಅತಿನೇರಳೆ ಕಿರಣವನ್ನು ತಾಳುವ ದರ್ಜೆಯದಾಗಿದ್ದರೆ ಸಾಕು. ಸ್ಟೇನ್‌ಲೆಸ್ ಸ್ಟೀಲ್ ಎಂದಷ್ಟೇ ಬರೆದರೆ ಸಾಮಾನ್ಯವಾಗಿ 304 ದರ್ಜೆ ಬರುತ್ತದೆ, ಸಮುದ್ರದ ಪಕ್ಕದಲ್ಲಿ ಅದೂ ಚುಕ್ಕೆಚುಕ್ಕೆಯಾಗಿ ಕೊರೆತಕ್ಕೆ ಒಳಗಾಗುತ್ತದೆ. ಮಾಲಿಬ್ಡಿನಮ್ ಸೇರಿದ 316 ದರ್ಜೆ ಉತ್ತಮ. ಇಡೀ ಪೆಟ್ಟಿಗೆಗೆ ಅದು ದುಬಾರಿಯೆನಿಸಿದರೆ ತಿರುಪು, ಕೀಲು, ಬೀಗದ ಕೊಂಡಿಗಳಿಗಾದರೂ ಅದನ್ನು ಬಳಸಬಹುದು. ಚೆನ್ನಾಗಿರುವ ಪೆಟ್ಟಿಗೆಯ ಕೀಲು ತುಕ್ಕು ಹಿಡಿದು ಬಾಗಿಲು ತೆರೆಯಲಾಗದೆ, ಕೊನೆಗೆ ಒಡೆದು ತೆಗೆದು, ಮತ್ತೆ ಮುಚ್ಚಲಾಗದೆ ಬಿಟ್ಟ ನಿದರ್ಶನಗಳನ್ನು ಕರಾವಳಿಯಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಉಪ್ಪಿನ ಪ್ರಭಾವ ದಡದಿಂದ ಒಳಕ್ಕೆ ಸರಿದಂತೆ ಬೇಗ ಕುಗ್ಗುತ್ತದೆ. ಅಲೆಯ ಸದ್ದು ಕೇಳುವ ಕೇಣಿಗೂ ಅದೇ ತಾಲೂಕಿನ ಒಳಭಾಗದ ಅಚವೆ, ಹಿಲ್ಲೂರುಗಳಿಗೂ ಒಂದೇ ಪೆಟ್ಟಿಗೆ ಬೇಕಿಲ್ಲ. ಹಳಿಯಾಳದ ಕಡೆಯ ಒಣ ಬೇಸಗೆಯ ಸಮಸ್ಯೆ ಬೇರೆ, ಶಿರಸಿ–ಸಿದ್ದಾಪುರದ ಕಾಡಿನಂಚಿನ ನೆರಳಿನದು ಬೇರೆ. ಇಡೀ ಜಿಲ್ಲೆಗೆ ಒಂದೇ ತಾಂತ್ರಿಕ ವಿವರಣೆಯನ್ನು ನಕಲು ಮಾಡಿ ಬಳಸುವ ಪದ್ಧತಿ ಕಡತಕ್ಕೆ ಅನುಕೂಲವಾದರೂ ಬ್ಯಾಟರಿಗೆ ಅನುಕೂಲವಲ್ಲ.

'ಜಲನಿರೋಧಕ' ಎಂಬ ಮಾತಿನ ಅರ್ಥ

ದರಪಟ್ಟಿಗಳಲ್ಲಿ ಐಪಿ 65 ಎಂದು ಬರೆದಿರುವುದನ್ನು ಸದಸ್ಯರು ಗಮನಿಸಿರಬಹುದು. ಐಎಸ್/ಐಇಸಿ 60529 ಮಾನಕದಂತೆ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. 6 ಎಂದರೆ ಧೂಳು ಸಂಪೂರ್ಣ ನಿಷಿದ್ಧ, 5 ಎಂದರೆ ಕೊಳವೆಯಿಂದ ಚಿಮ್ಮುವ ನೀರನ್ನು ತಡೆಯಬಲ್ಲದು. ಆದರೆ ಆ ಪರೀಕ್ಷೆ ನಡೆಯುವುದು ಹೊಸ ಪೆಟ್ಟಿಗೆಯ ಮೇಲೆ, ಸಿಹಿನೀರಿನಲ್ಲಿ. ಸಣ್ಣ ಪೆಟ್ಟಿಗೆಗೆ ಮೂರು ನಿಮಿಷ ನೀರು ಹಾಯಿಸಿದರೆ ಪರೀಕ್ಷೆ ಮುಗಿಯಿತು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ, ಅದೂ ನೈರುತ್ಯದಿಂದ ಅಡ್ಡಲಾಗಿ ಹೊಡೆಯುವ ಗಾಳಿಯೊಂದಿಗೆ ಬೀಳುವ ಊರಿಗೆ ಆ ಮೂರು ನಿಮಿಷದ ಪ್ರಮಾಣಪತ್ರ ಎಷ್ಟು ಭರವಸೆ ಕೊಟ್ಟೀತು ಎಂಬುದನ್ನು ಯೋಚಿಸಬೇಕು. ತುಕ್ಕಿನ ವಿಚಾರದಲ್ಲಿ ಐಪಿ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಅದಕ್ಕೆ ಲವಣ ಸಿಂಪರಣೆ ಪರೀಕ್ಷೆಯ ವರದಿಯನ್ನು ಪ್ರತ್ಯೇಕವಾಗಿ ಕೇಳಬೇಕಾಗುತ್ತದೆ.

ಪೂರ್ತಿ ಮುಚ್ಚಿದ ಪೆಟ್ಟಿಗೆಯೇ ಸುರಕ್ಷಿತ ಎಂಬ ನಂಬಿಕೆಯೂ ಸರಿಯಲ್ಲ. ಹಗಲು ಪೆಟ್ಟಿಗೆಯೊಳಗಿನ ಗಾಳಿ ಕಾದು ಹಿಗ್ಗಿ ಸಂದಿಗಳಿಂದ ಹೊರಹೋಗುತ್ತದೆ. ಸಂಜೆ ಫಕ್ಕನೆ ಮಳೆ ಸುರಿದು ತಗಡು ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಅದೇ ಸಂದಿಗಳಿಂದ ತೇವದ ಗಾಳಿಯನ್ನೂ ಕೆಲವೊಮ್ಮೆ ನೀರಿನ ಹನಿಯನ್ನೂ ಒಳಗೆಳೆಯುತ್ತದೆ. ಆ ತೇವ ಒಳಗೋಡೆಯ ಮೇಲೆ ಬೆವರಾಗಿ ಇಳಿಯುತ್ತದೆ. ದಿನಕ್ಕೊಮ್ಮೆ ಹೀಗೆ ಉಸಿರಾಡುವ ಪೆಟ್ಟಿಗೆಯ ತಳದಲ್ಲಿ ಮಳೆಗಾಲದ ಕೊನೆಗೆ ನೀರು ನಿಂತಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಪೆಟ್ಟಿಗೆ ಉಸಿರಾಡುವುದನ್ನು ತಡೆಯಲಾಗದು, ಅದು ಎಲ್ಲಿಂದ ಉಸಿರಾಡಬೇಕೆಂಬುದನ್ನು ಮಾತ್ರ ನಾವು ನಿರ್ಧರಿಸಬಹುದು. ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಪೊರೆಯುಳ್ಳ ಕಿಂಡಿ ಈಗ ಸುಲಭವಾಗಿ ದೊರೆಯುತ್ತದೆ. ತಳದ ಅತಿ ತಗ್ಗಿನಲ್ಲಿ ಒಂದು ಸಣ್ಣ ಬಸಿರಂಧ್ರ ಇರಬೇಕು. ತಂತಿಗಳು ಕೆಳಗಿನಿಂದಲೇ ಒಳಸೇರಬೇಕು, ಸೇರುವ ಮುನ್ನ ಒಂದು ಬಾಗು ಕೆಳಗಿಳಿದು ಮೇಲೇರಿರಬೇಕು. ಆಗ ತಂತಿಯ ಗುಂಟ ಇಳಿದ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಸೀಸ-ಆಮ್ಲ ಬ್ಯಾಟರಿಗೆ ಕಿಂಡಿ ಇನ್ನೂ ಗಂಭೀರವಾದ ಕಾರಣಕ್ಕೆ ಬೇಕು. ಚಾರ್ಜ್ ಆಗುವಾಗ ಅದು ಜಲಜನಕವನ್ನು ಬಿಡುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ. 4 ತಲಪಿದರೆ ಒಂದು ಕಿಡಿಗೂ ಹೊತ್ತಿಕೊಳ್ಳಬಲ್ಲದು. ಹಗುರವಾದ ಈ ಅನಿಲ ಮೇಲ್ಭಾಗದಲ್ಲಿ ಶೇಖರವಾಗುವುದರಿಂದ ಕೆಳಗೊಂದು ಮೇಲೊಂದು ಕಿಂಡಿ ಇರಬೇಕು. ಮೇಲಿನದಕ್ಕೆ ಮಳೆಯ ಮರೆ, ಎರಡಕ್ಕೂ ಹಲ್ಲಿ ಇರುವೆ ಹೋಗದಷ್ಟು ಸಣ್ಣ ಜಾಳಿ. ಕಾರ್ಯಾಲಯದ ಯುಪಿಎಸ್ ಬ್ಯಾಟರಿಯನ್ನು ಕಡತಗಳ ಕಪಾಟಿನೊಳಗೆ ಬೀಗ ಹಾಕಿ ಇಡುವ ಪದ್ಧತಿಯನ್ನು ಈ ಕಾರಣಕ್ಕಾಗಿ ಕೂಡಲೇ ಕೈಬಿಡತಕ್ಕದ್ದು.

ಮಳೆಗಾಲದ ಹಸಿವು

ಹವೆಯ ಪ್ರಭಾವದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಅಂಶವಿದೆ. ಏಪ್ರಿಲ್‌ಗೆ ಹೋಲಿಸಿದರೆ ಜುಲೈನಲ್ಲಿ ಕರಾವಳಿಗೆ ದೊರೆಯುವ ಬಿಸಿಲಿನ ಶಕ್ತಿ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ, ದಟ್ಟ ಮೋಡದ ದಿನಗಳಲ್ಲಿ ಇನ್ನೂ ಕಡಿಮೆ. ದೀಪ ಮಾತ್ರ ಎಂದಿನಂತೆ ಉರಿಯುತ್ತದೆ. ಹೀಗೆ ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಉಳಿದ ಸೀಸ-ಆಮ್ಲ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳಾಗಿ ಕೂರುತ್ತದೆ. ಸೆಪ್ಟೆಂಬರಿನ ಬಿಸಿಲು ಬಂದರೂ ಆ ಹರಳು ಪೂರ್ತಿ ಕರಗುವುದಿಲ್ಲ. 'ಕಳೆದ ಮಳೆಗಾಲದವರೆಗೆ ಚೆನ್ನಾಗಿತ್ತು' ಎಂದು ಜನ ಹೇಳುವ ಬಹುಪಾಲು ಬ್ಯಾಟರಿಗಳ ಕಥೆ ಇದೇ. ಬೇಸಗೆಯ ಬಿಸಿಲಿಗೆ ಅಳೆದ ಫಲಕ ಇಲ್ಲಿಗೆ ಸಾಲದು, ಜುಲೈ ತಿಂಗಳಿಗೆ ಅಳೆದದ್ದು ಬೇಕು. ಮಧ್ಯರಾತ್ರಿಯ ನಂತರ ಬೆಳಕನ್ನು ತಗ್ಗಿಸುವ ವ್ಯವಸ್ಥೆ ಇದ್ದರೆ ಅದನ್ನು ಮಳೆಗಾಲದಲ್ಲಿ ತಪ್ಪದೆ ಬಳಸಬೇಕು. ಬ್ಯಾಟರಿಯನ್ನು ನಾಲ್ಕಾರು ಗಂಟೆ ವಿಶ್ರಾಂತಿಗೆ ಬಿಟ್ಟು ಅಳೆದಾಗ 12 ವೋಲ್ಟ್ ಬ್ಯಾಟರಿ 12.6ರ ಮೇಲೆ ತೋರಿದರೆ ಹೊಟ್ಟೆ ತುಂಬಿದೆ ಎಂದರ್ಥ, 12.0ಕ್ಕಿಂತ ಕೆಳಗಿದ್ದರೆ ಹಸಿದಿದೆ.

ಚಾರ್ಜ್ ಮಾಡುವ ವೋಲ್ಟೇಜೂ ಉಷ್ಣತೆಗೆ ತಕ್ಕಂತೆ ಬದಲಾಗಬೇಕಾದದ್ದು. ಪ್ರತಿ ಸೆಲ್‌ಗೆ, ಪ್ರತಿ ಡಿಗ್ರಿಗೆ 3ರಿಂದ 5 ಮಿಲಿವೋಲ್ಟ್ ತಗ್ಗಿಸಬೇಕೆಂಬುದು ವಾಡಿಕೆ. ಆರು ಸೆಲ್‌ಗಳ ಬ್ಯಾಟರಿ 10 ಡಿಗ್ರಿ ಹೆಚ್ಚು ಕಾದಿದ್ದರೆ ಸುಮಾರು 0.2ರಿಂದ 0.3 ವೋಲ್ಟ್ ಕಡಿಮೆಯಾಗಬೇಕು. ಉಷ್ಣತೆ ಅಳೆಯುವ ಸಂವೇದಕವಿಲ್ಲದ ನಿಯಂತ್ರಕ ಇದನ್ನು ಮಾಡದೆ ಬ್ಯಾಟರಿಯ ನೀರನ್ನು ಕುದಿಸಿ ಆರಿಸುತ್ತದೆ. ನೀರು ತುಂಬುವಾಗ ಡಿಸ್ಟಿಲ್ಡ್ ನೀರನ್ನೇ ಬಳಸಬೇಕು. ಕಡಲತೀರದ ಬಾವಿಯ ನೀರಿನಲ್ಲಿರುವ ಕ್ಲೋರೈಡು ಫಲಕಗಳನ್ನು ತಿನ್ನುತ್ತದೆ.

ಲಿಥಿಯಂ ಮತ್ತು 'ಎಲ್ಲವೂ ಒಂದರಲ್ಲಿ' ದೀಪಗಳು

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಅರೆಹೊಟ್ಟೆಯ ಬಾಧೆ ಇಲ್ಲ, ನೀರು ತುಂಬುವ ಕೆಲಸವೂ ಇಲ್ಲ. ಮಳೆಗಾಲದ ದೃಷ್ಟಿಯಿಂದ ಕರಾವಳಿಗೆ ಇದು ಒಪ್ಪುವ ಜಾತಿ. ಆದರೆ ಶಾಖ ಇದಕ್ಕೂ ಶತ್ರುವೇ, ಅದರಲ್ಲೂ ಪೂರ್ಣ ಚಾರ್ಜ್ ಆಗಿ ಬಿಸಿಯಲ್ಲೇ ಕುಳಿತಿರುವ ಸ್ಥಿತಿ. ಈಗ ಎಲ್ಲೆಡೆ ಕಾಣುವ, ಫಲಕ, ಬ್ಯಾಟರಿ, ದೀಪ ಮೂರನ್ನೂ ಒಂದೇ ತೆಳು ಕವಚದಲ್ಲಿ ಸೇರಿಸಿದ ದೀಪಗಳಲ್ಲಿ ಬ್ಯಾಟರಿ ಇರುವುದು ಫಲಕದ ಬೆನ್ನಿಗೆ ಅಂಟಿಕೊಂಡು. ಒಳ್ಳೆಯ ಬಿಸಿಲಿನಲ್ಲಿ ಫಲಕವು ಸುತ್ತಲಿನ ಗಾಳಿಗಿಂತ 25–30 ಡಿಗ್ರಿ ಹೆಚ್ಚು ಕಾಯುತ್ತದೆ. ಬ್ಯಾಟರಿ ಚಾರ್ಜ್ ಆಗುವ ಹೊತ್ತೂ ಅದೇ. ಕಂಬಕ್ಕೆ ಏರಿಸುವುದು ಸುಲಭ, ಕಳ್ಳತನದ ಭಯ ಕಡಿಮೆ ಎಂಬ ಅನುಕೂಲಗಳಿದ್ದರೂ, ಬಹುಕಾಲ ಬಾಳಬೇಕಾದ ಕಡೆಗಳಲ್ಲಿ ಬ್ಯಾಟರಿಯನ್ನು ಫಲಕದಿಂದ ಬೇರ್ಪಡಿಸಿದ ಮಾದರಿಯೇ ಮೇಲು ಎಂಬುದು ಈ ಲೇಖನದ ಅಭಿಪ್ರಾಯ. ಪೆಟ್ಟಿಗೆ ಫಲಕದ ನೆರಳಿನಲ್ಲಿ, ಕಂಬದ ಪೂರ್ವ ಅಥವಾ ಈಶಾನ್ಯ ಬದಿಗೆ, ಕೈಗೆಟುಕದ ಎತ್ತರದಲ್ಲಿ ಇದ್ದರೆ ಪಶ್ಚಿಮದ ಬಿಸಿಲು, ನೈರುತ್ಯದ ಮಳೆ, ಕಳ್ಳತನ ಮೂರಕ್ಕೂ ಒಂದು ಮಟ್ಟಿನ ಮರೆಯಾಗುತ್ತದೆ. ಮಳೆಗಾಲಕ್ಕೆ ಮುನ್ನ ಮನೆಯ ಪಶ್ಚಿಮಕ್ಕೆ ಮಡಲಿನ ತಟ್ಟಿ ಕಟ್ಟುವ ಊರಿನವರಿಗೆ ಈ ದಿಕ್ಕಿನ ಲೆಕ್ಕ ಹೊಸದಲ್ಲ.

ಬಿಸಿಲು ಕಳ್ಳತನ ಎರಡನ್ನೂ ತಪ್ಪಿಸಲು ಕೆಲವೆಡೆ ಬ್ಯಾಟರಿಯನ್ನು ನೆಲದಲ್ಲಿ ಹೂಳುವ ವಿಧಾನವಿದೆ. ಬಯಲುಸೀಮೆಗೆ ಅದು ಒಳ್ಳೆಯದೇ. ಮಳೆಗಾಲದಲ್ಲಿ ಒಂದೆರಡು ಅಡಿ ಅಗೆದರೆ ನೀರು ಕಾಣುವ ಕಡಲತೀರದ ಮರಳಿಗೆ ಅದು ಸಲ್ಲದು. ಗಂಗಾವಳಿ ನದಿಯ ಇಕ್ಕೆಲದ ಪಂಚಾಯತಗಳು 2019ರ ಆಗಸ್ಟ್ ತಿಂಗಳ ನೆರೆಯ ಮಟ್ಟವನ್ನು ಗುರುತಿಟ್ಟುಕೊಂಡು ಅದಕ್ಕೂ ಮೇಲೆ ಬ್ಯಾಟರಿಯನ್ನು ಇರಿಸಬೇಕು. ಉಪ್ಪುನೀರಿನಲ್ಲಿ ಮುಳುಗಿದ ಲಿಥಿಯಂ ಬ್ಯಾಟರಿಯನ್ನು ಒಣಗಿಸಿ ಮತ್ತೆ ಬಳಸಬಾರದು. 2022ರಲ್ಲಿ ಅಮೆರಿಕದ ಫ್ಲಾರಿಡಾ ತೀರಕ್ಕೆ ಇಯಾನ್ ಚಂಡಮಾರುತ ಅಪ್ಪಳಿಸಿದ ಬಳಿಕ, ಸಮುದ್ರದ ನೀರು ಹೊಕ್ಕ ವಿದ್ಯುತ್ ವಾಹನಗಳಿಗೆ ನೀರು ಇಳಿದ ಮೇಲೆ ತಾವಾಗಿಯೇ ಬೆಂಕಿ ಹತ್ತಿದ ಪ್ರಕರಣಗಳು ನಡೆದವು. ಅಂಥ ಬ್ಯಾಟರಿಯನ್ನು ಕಟ್ಟಡದಿಂದ ದೂರ, ಬಯಲಿನಲ್ಲಿ ಇರಿಸಿ ಸರಬರಾಜುದಾರರಿಗೆ ತಿಳಿಸತಕ್ಕದ್ದು.

ಖರೀದಿಯ ಹೊತ್ತಿನಲ್ಲಿ

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರಂತೆ ನಡೆಯುವ ಟೆಂಡರಿನಲ್ಲಿ ಕಡಿಮೆ ದರಕ್ಕೆ ಮನ್ನಣೆ ದೊರೆಯುವುದು ಸಹಜ, ಅದು ತಪ್ಪೂ ಅಲ್ಲ. ಆದರೆ ದರಗಳ ಹೋಲಿಕೆ ನ್ಯಾಯವಾಗಬೇಕಾದರೆ ಎಲ್ಲರೂ ಒಂದೇ ವಸ್ತುವಿಗೆ ದರ ನಮೂದಿಸಿರಬೇಕು. ತಾಂತ್ರಿಕ ವಿವರಣೆಯಲ್ಲಿ ಬ್ಯಾಟರಿಯ ಆಂಪಿಯರ್-ಗಂಟೆ, ಐಎಸ್ 16270ರಂಥ ಮಾನಕ ಎಲ್ಲವನ್ನೂ ಬರೆದು, ಪೆಟ್ಟಿಗೆಯ ಬಗ್ಗೆ 'ಸೂಕ್ತ ಪೆಟ್ಟಿಗೆಯೊಂದಿಗೆ' ಎಂದಷ್ಟೇ ಬಿಟ್ಟರೆ ಉಳಿತಾಯ ಮಾಡಲು ಗುತ್ತಿಗೆದಾರನಿಗೆ ಉಳಿಯುವ ಜಾಗ ಅದೊಂದೇ. ಆ ಎರಡು ಪದಗಳ ಬದಲು ಸಾಮಗ್ರಿ, ಬಣ್ಣ, ನೆರಳು ಚಾವಣಿ, ಕಿಂಡಿ, ತಿರುಪಿನ ದರ್ಜೆ, ಉಷ್ಣತಾ ಸಂವೇದಕ ಮತ್ತು ಅಳವಡಿಸುವ ದಿಕ್ಕು, ಇಷ್ಟನ್ನು ನಾಲ್ಕು ಸಾಲುಗಳಲ್ಲಿ ಬರೆಯಿಸಲು ಸದಸ್ಯರು ಪಂಚಾಯತ ಅಭಿವೃದ್ಧಿ ಅಧಿಕಾರಿಯವರ ಮುಖಾಂತರ ಸೂಚಿಸಬಹುದು. ವಾರಂಟಿ ಪತ್ರವನ್ನು ಕಡತಕ್ಕೆ ಸೇರಿಸುವ ಮುನ್ನ ಓದಬೇಕು. ಇಂತಿಷ್ಟು ಡಿಗ್ರಿಗಿಂತ ಹೆಚ್ಚಿನ ಉಷ್ಣತೆ, ನೀರು ಹೊಕ್ಕಿರುವುದು, ತುಕ್ಕು, ಇವುಗಳನ್ನು ವಾರಂಟಿಯಿಂದ ಹೊರಗಿಡುವ ಷರತ್ತು ಅನೇಕ ಪತ್ರಗಳಲ್ಲಿ ಇರುತ್ತದೆ. ಪೆಟ್ಟಿಗೆಯನ್ನೂ ಬ್ಯಾಟರಿಯನ್ನೂ ಒಬ್ಬನೇ ಪೂರೈಸಿದ್ದರೆ ಈ ಷರತ್ತನ್ನು ಒಪ್ಪಬೇಕಾದ ಕಾರಣವಿಲ್ಲ.

ಈಗಾಗಲೇ ಅಳವಡಿಸಿರುವ ಪೆಟ್ಟಿಗೆಗಳಿಗೆ ಮೇ ತಿಂಗಳ ಎರಡನೆಯ ವಾರದೊಳಗೆ ಒಂದು ಸುತ್ತಿನ ತಪಾಸಣೆ ಸಾಕು. ಮಧ್ಯಾಹ್ನ ಎರಡು-ಮೂರು ಗಂಟೆಯ ನಡುವೆ ಒಳಗೊಂದು ಸಾಮಾನ್ಯ ಉಷ್ಣಮಾಪಕವಿಟ್ಟು ನೋಡಿ, 40 ಡಿಗ್ರಿ ದಾಟಿದ್ದರೆ ನೆರಳು ತಗಡನ್ನು ಹೊಂದಿಸಬೇಕು. ಟರ್ಮಿನಲ್ ಒರೆಸಿ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಕು, ಬಾಗಿಲಿನ ರಬ್ಬರು ಪಟ್ಟಿ ಗಟ್ಟಿಯಾಗಿದ್ದರೆ ಬದಲಿಸಬೇಕು, ಬಸಿರಂಧ್ರದಲ್ಲಿ ಗೂಡು ಕಟ್ಟಿದ ಮಣ್ಣನ್ನು ತೆಗೆಯಬೇಕು. ಅಕ್ಟೋಬರಿನಲ್ಲಿ ಇದೇ ಕೆಲಸ ಇನ್ನೊಮ್ಮೆ. ಬ್ಯಾಟರಿಯ ಅಳವಡಿಕೆ ದಿನಾಂಕವನ್ನು ಪೆಟ್ಟಿಗೆಯ ಒಳಬಾಗಿಲಿನಲ್ಲಿಯೂ ಆಸ್ತಿ ವಹಿಯಲ್ಲಿಯೂ ಬರೆದಿಡಬೇಕು. ಯಾವ ಬ್ಯಾಟರಿ ಎಷ್ಟು ವರ್ಷ ನಡೆಯಿತೆಂಬ ದಾಖಲೆ ಇಲ್ಲದೆ ಮುಂದಿನ ಖರೀದಿಯಲ್ಲಿ ಯಾವುದು ಲೇಸೆಂದು ತೀರ್ಮಾನಿಸುವುದು ಕಷ್ಟ. ಆಯುಷ್ಯ ಮುಗಿದ ಬ್ಯಾಟರಿಗಳನ್ನು ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಅನ್ವಯ ಇತರ ತ್ಯಾಜ್ಯದೊಂದಿಗೆ ಬೆರೆಸದೆ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವ ಅಧಿಕೃತ ಸಂಸ್ಥೆಗೆ ಒಪ್ಪಿಸಿ ಸ್ವೀಕೃತಿ ಪಡೆದು ಕಡತದಲ್ಲಿ ಇರಿಸತಕ್ಕದ್ದು.